ಭಾವನ ರೈಲಿಗೆ ಹೊಸ ಎಂಜಿನ್

ನಮ್ಮ ನೆಂಟರಿಷ್ಟರಲ್ಲಿ ಕಂಪ್ಯೂಟರ್ ಪಂಡಿತ ಅಂತ ಯಾರಾದರೂ ಇದ್ದರೆ ಅದು ನಾನೇ. ಬಿರುದು ನಾನು ಕೇಳಿ ಪಡೆದದ್ದಲ್ಲ. ಪ್ರಿಂಟರಿಗೆ ಇಂಕು ತುಂಬಿ ತುಂಬಿ ಕಪ್ಪಾದ ನನ್ನ ಬೆರಳು ನೋಡಿ ಅವರೇ ದಯಪಾಲಿಸಿದ್ದು. ಕಂಪ್ಯೂಟರ್ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದೇನೆ. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿ ಬಿಸ್ಕತ್ತಿನ ಪುಡಿ ಉದುರಿಸುವುದು, ಕಿತ್ತುಬಂದ ವೈರನ್ನು ಮತ್ತೆ ಸಿಕ್ಕಿಸಿ "ಒಳಗಡೆ ಸ್ವಲ್ಪ ಕೆಲಸ ಇತ್ತು ಸಾರ್" ಅನ್ನುವುದು, ಯಾವ ಸಾಫ್ಟ್‌ವೇರ್ ಹಾಕಬೇಕಾದರೂ ಪರದೆಯ ಮೇಲೆ ಬಂದದ್ದನ್ನು ಓದದೆ ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಅಂತ ಒತ್ತುತ್ತ ಹೋಗುವುದು. ಇದಿಷ್ಟೇ ನನ್ನ ಪಾಂಡಿತ್ಯ. ಇಷ್ಟರಲ್ಲೇ ಹೊಟ್ಟೆ ತುಂಬುತ್ತಿರುವುದರಿಂದ ಹೆಚ್ಚು ಕಲಿಯುವ ಗೋಜಿಗೆ ಹೋಗಿಲ್ಲ.

ಆದರೆ ನಾನು ಹೇಳಹೊರಟಿರುವುದು ನನ್ನ ಭಾವನ ವಿಷಯ. ಭಾವ ಅಂದರೆ ಅಕ್ಕನ ಗಂಡ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರ ಕೆಲಸ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಬಂದ ನೀರು ಕೆಂಪಗಿದ್ದರೆ, ಪೈಪು ಒಡೆದು ಬೀದಿ ಹೊಳೆಯಾದರೆ ಜನ ಫೋನು ಮಾಡಿ ಬೈಯುತ್ತಾರಲ್ಲ, ಆ ಬೈಗುಳದೊಳಗಿಂದ ವಿಳಾಸವನ್ನೂ ತೊಂದರೆಯನ್ನೂ ಹೆಕ್ಕಿ ಕಂಪ್ಯೂಟರಿಗೆ ಹಾಕಿ, ಸಂಬಂಧಪಟ್ಟ ವಾಲ್ವ್‌ಮನ್ನಿಗೆ ಕಳಿಸುವವರು ಅವರು. ಆ ಕೋಣೆಯಲ್ಲಿ ಸಾಲಾಗಿ ಮೇಜುಗಳಿವೆ, ಎಲ್ಲ ಮೇಜಿನ ಮೇಲೂ ಮಾನಿಟರು ಇದೆ. ಭಾವನ ಮೇಜಿನ ಮೇಲೆ ಮಾತ್ರ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ. ಹೊಸಬರು ನೋಡಿದರೆ ಈ ಮನುಷ್ಯ ಬರೀ ಕೀಬೋರ್ಡು ಕುಟ್ಟಿ ಯಾರಿಗೆ ಮೋಸ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಭಾವನಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅನ್ನುವ ಸಾಫ್ಟ್‌ವೇರ್ ಇದೆ. ಅದರ ಇಯರ್‌ಫೋನನ್ನು ಒಂದು ಕಿವಿಯಲ್ಲಿ ಸಿಕ್ಕಿಸಿಕೊಂಡು, ಇನ್ನೊಂದು ಕಿವಿಗೆ ಫೋನು ಹಿಡಿದು ಕೂತರೆ ಮುಗಿಯಿತು.

ಆ ದನಿಯ ವೇಗ ಕೇಳಬೇಕು ನೀವು. ತಗಡಿನ ಮೇಲೆ ಕಾಳು ಸುರಿದ ಹಾಗೆ. ಒಂದೇ ಒಂದು ಮಾತು ನಮ್ಮ ಕಿವಿಗೆ ದಕ್ಕುವುದಿಲ್ಲ. ಆಫೀಸಿನವರು ಇಟ್ಟ ಹೆಸರು "ರೈಲು". ಮೊದಮೊದಲು ದನಿಗೆ ಇಟ್ಟದ್ದು, ಆಮೇಲೆ ಅದು ಭಾವನಿಗೇ ಅಂಟಿಕೊಂಡಿತು. "ರೈಲು ಬಂತಾ?" "ರೈಲು ಊಟಕ್ಕೆ ಹೋಗಿದೆ." ಭಾವನಿಗೆ ಆ ಹೆಸರಿನ ಬಗ್ಗೆ ಬೇಸರವಿಲ್ಲ. ಬೇಸರವೇನು, ಒಳಗೊಳಗೇ ಹಿಗ್ಗು. ವಿನಯ ಅನ್ನುವುದು ನಮ್ಮ ಭಾವನ ಬಳಿ ಸುಳಿದದ್ದನ್ನು ನಾನು ಕಂಡಿಲ್ಲ. "ಆ ಕೋಣೇಲಿ ನನ್ನಷ್ಟು ಬೇಗ ದೂರು ಬರ್ಕೊಳ್ಳೋರು ಇನ್ನೊಬ್ರಿದ್ರೆ ಕರ್ಕೊಂಬಾ, ಕಾಫಿ ಕುಡಿಸ್ತೀನಿ" ಅನ್ನುವುದು ಅವರ ಮಾಮೂಲಿ ಸವಾಲು. ಇಲ್ಲಿಯವರೆಗೆ ಆ ಕಾಫಿ ಯಾರೂ ಕುಡಿದಿಲ್ಲ.

ಮೊದಲು ಹೀಗಿರಲಿಲ್ಲ. ಕಾಲೇಜು ಮುಗಿಯುವ ಹೊತ್ತಿಗೆ ಅವರ ದೃಷ್ಟಿ, ಮನೆಯ ದೀಪ ಒಂದೊಂದಾಗಿ ಆರಿಸಿದಂತೆ, ಕೋಣೆಕೋಣೆಯಾಗಿ ಹೋಯಿತಂತೆ. ಮೀಸಲು ಹುದ್ದೆಯಲ್ಲಿ ಕೆಲಸ ಸಿಕ್ಕಿತು. ಸಿಕ್ಕಿದ್ದು ಕೆಲಸವಲ್ಲ, ಕುರ್ಚಿ. ಕಚೇರಿಯ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದರು. ಬೆಳಿಗ್ಗೆ ಬಂದು ಕೂರುವುದು, ಸಂಜೆ ಎದ್ದು ಹೋಗುವುದು. ಹೋಗುವವರು ಬರುವವರು ಭುಜ ತಟ್ಟಿ "ಆರಾಮಾ?" ಅನ್ನುವುದು. "ಗೋಡೆ ಗಡಿಯಾರಕ್ಕಾದ್ರೂ ಒಂದು ಕೆಲಸ ಇತ್ತು ಕಣೋ, ನನಗೆ ಅದೂ ಇರ್ಲಿಲ್ಲ" ಅನ್ನುತ್ತಾರೆ ಭಾವ. ಅಷ್ಟು ಹೇಳಿ ಮಾತು ಬದಲಿಸುತ್ತಾರೆ. ಜಂಬದ ಮನುಷ್ಯ ಬಾಯಿ ಮುಚ್ಚುವ ವಿಷಯ ಅದೊಂದೇ.

ಅಕ್ಕ ಅವರಿಗೆ ಸಿಕ್ಕಿದ್ದು ಆ ಕುರ್ಚಿಯಲ್ಲೇ. ನಮ್ಮ ಬೀದಿಗೆ ನೀರು ಬಾರದೆ ಜಗಳ ಆಡಲು ಅಕ್ಕ ಕಚೇರಿಗೆ ಹೋದಳು. ಗುಮಾಸ್ತರು ಸೀಟಿನಲ್ಲಿರಲಿಲ್ಲ. ಬಾಗಿಲಲ್ಲಿ ಕೂತಿದ್ದವರು "ನನಗೆ ಹೇಳಿ" ಅಂದರು. ಅಕ್ಕ ಹೇಳಿದಳು. ಹೇಳಿದಳು ಅಂದರೆ ನಮ್ಮ ಮನೆಯ ರೀತಿಯಲ್ಲಿ ಹೇಳಿದಳು, ಅರ್ಧ ಊರಿಗೆ ಕೇಳಿಸುವ ಹಾಗೆ. ಗುಮಾಸ್ತರು ಬಂದ ಮೇಲೆ ಆ ಮನುಷ್ಯ ಅವಳ ದೂರನ್ನು, ನಡುನಡುವಿನ ಬೈಗುಳ ಸಮೇತ, ಒಂದಕ್ಷರ ಬಿಡದೆ ಒಪ್ಪಿಸಿದರಂತೆ. ನೀರು ಬಂತು. ಆಮೇಲೂ ಅಕ್ಕ ದೂರು ಕೊಡಲು ಹೋಗುತ್ತಲೇ ಇದ್ದಳು. ನಲ್ಲಿ ಸರಿಯಾಗಿಯೇ ಇತ್ತು. ಅಮ್ಮನಿಗೆ ಅನುಮಾನ ಬಂದು ವಿಚಾರಿಸಿ, "ಕಣ್ಣಿಲ್ಲದವನಿಗೆ ನಿನ್ನ ಕೊಡೋದಾ?" ಅಂತ ಅತ್ತಾಗ ಅಕ್ಕ ಹೇಳಿದ ಮಾತು ನಮ್ಮ ವಂಶದಲ್ಲಿ ಇನ್ನೂ ಓಡಾಡುತ್ತಿದೆ: "ಕಣ್ಣಿರೋ ಗಂಡುಗಳು ಬಂದು ನನ್ನ ನೋಡ್ಕೊಂಡು ಹೋಗಿದ್ದಾಯ್ತಲ್ಲಮ್ಮ. ಕಿವಿ ಇರೋನು ಇವನೊಬ್ಬನೇ ಸಿಕ್ಕಿದ್ದು."

ಮದುವೆಯಾದ ಮೇಲೆ ಭಾವ ತರಬೇತಿಗೆ ಸೇರಿ ಸ್ಕ್ರೀನ್ ರೀಡರ್ ಕಲಿತರು. ದೂರು ವಿಭಾಗದಲ್ಲಿ ಒಬ್ಬರು ರಜೆ ಹಾಕಿದ ದಿನ ಆಗಿನ ಸಾಹೇಬರ ಹತ್ತಿರ ಹೋಗಿ, "ಇವತ್ತೊಂದು ದಿನ ಆ ಸೀಟು ಕೊಡಿ ಸಾರ್" ಅಂತ ಕೇಳಿದರು. ಅಂದು ಕೂತವರನ್ನು ಮತ್ತೆ ಎಬ್ಬಿಸಲು ಯಾರಿಗೂ ಆಗಲಿಲ್ಲ.

ಆ ಸಾಫ್ಟ್‌ವೇರನ್ನು ಭಾವ ವರ್ಷಗಟ್ಟಲೆ ತಿದ್ದಿ ತೀಡಿ ತಮ್ಮ ಕೈಗೆ ಒಗ್ಗಿಸಿಕೊಂಡಿದ್ದರು. ಅಂಗಡಿಯಿಂದ ತಂದ ಹೊಸ ಚಪ್ಪಲಿ ಮೊದಲು ಕಚ್ಚುತ್ತದೆ, ಆಮೇಲೆ ನಮ್ಮ ಕಾಲಿನ ಆಕಾರಕ್ಕೇ ಬರುತ್ತದಲ್ಲ, ಹಾಗೆ. ದನಿಯ ವೇಗ ಎಷ್ಟಿರಬೇಕು, ಚುಕ್ಕೆ ಅಲ್ಪವಿರಾಮ ಓದಬೇಕೇ ಬೇಡವೇ, ವಾಲ್ವ್‌ಮನ್ನುಗಳು ಮೊಟಕು ಮಾಡಿ ಬರೆದದ್ದನ್ನು ಹೇಗೆ ಬಿಡಿಸಿ ಓದಬೇಕು, ಯಾವ ಬೀದಿಯ ಹೆಸರಿಗೆ ಯಾವ ಉಚ್ಚಾರ, ಯಾವ ಕೀಲಿ ಒತ್ತಿದರೆ ಫೋನು ಮಾಡಿದವರ ನಂಬರು ಮಾತ್ರ ಕೇಳಬೇಕು, ದೂರು ಒಳಗೆ ಸೇರಿತು ಅನ್ನುವುದಕ್ಕೆ ಯಾವ "ಟಿಣ್" ಸದ್ದು. ಎಲ್ಲ ಅವರದೇ ಏರ್ಪಾಟು. ಬೇರೆಯವರ ಕಂಪ್ಯೂಟರಿನಲ್ಲಿ ಅದೇ ಸಾಫ್ಟ್‌ವೇರ್ ಹಾಕಿ ಕೂರಿಸಿದರೆ ಭಾವ ಕೆಲಸ ಮಾಡಬಲ್ಲರು, ಆದರೆ ರೈಲಾಗಿ ಅಲ್ಲ, ಎತ್ತಿನ ಗಾಡಿಯಾಗಿ.

ಇಂಥದ್ದರಲ್ಲಿ ಬಂತು ಮೇಲಿನಿಂದ ಆದೇಶ. ದೂರು ದಾಖಲಿಸುವ ಸಾಫ್ಟ್‌ವೇರ್ ಎಲ್ಲ ಕಡೆ ಹೊಸದಾಗಬೇಕು. ಹೊಸದಕ್ಕೂ ಭಾವನ ಹಳೇ ಸ್ಕ್ರೀನ್ ರೀಡರಿಗೂ ಆಗಿಬರುವುದಿಲ್ಲ. ಹೊಸದು ಪರದೆಯ ಮೇಲೆ ಏನು ತೋರಿಸಿದರೂ ಹಳೆಯದು ಬಾಯಿ ಬಿಡುವುದಿಲ್ಲ. ಆದ್ದರಿಂದ ಸ್ಕ್ರೀನ್ ರೀಡರನ್ನೂ ಹೊಸ ಆವೃತ್ತಿಗೆ ಏರಿಸಬೇಕು. ಕಚೇರಿಗೆ ಆಗತಾನೇ ಬಂದಿದ್ದ ಮೇಡಂ ಒಳ್ಳೆಯವರು. ತೊಂದರೆಯೆಲ್ಲ ಆ ಒಳ್ಳೆಯತನದ್ದೇ. ಭಾವನನ್ನು ಕರೆದು ಮೆತ್ತಗೆ ಹೇಳಿದರು: "ನಿಮಗ್ಯಾಕೆ ಈ ತಾಪತ್ರಯ ಹೇಳಿ? ಹೊಸದು ಹೊಂದ್ಕೊಂಡ್ರೆ ಸರಿ. ಇಲ್ಲಾಂದ್ರೆ ಆ ಕಡೆ ಒಂದು ಕುರ್ಚಿ ಹಾಕಿಸಿಕೊಡ್ತೀನಿ, ಆರಾಮಾಗಿ ಕೂತ್ಕೊಳ್ಳಿ. ಸಂಬಳದಲ್ಲಿ ಏನೂ ವ್ಯತ್ಯಾಸ ಆಗಲ್ಲ."

ಆ ಸಂಜೆ ಭಾವ ಊಟ ಮಾಡಲಿಲ್ಲ ಅಂತ ಅಕ್ಕ ನನಗೆ ಫೋನು ಮಾಡಿದಳು. "ಜ್ವರ ಏನಾದ್ರೂ ಬಂದಿದ್ಯಾ?" ಅಂದೆ. "ಕುರ್ಚಿ ಬಂದಿದೆ" ಅಂದಳು.

ಇನ್ನೊಂದು ತಮಾಷೆ ನೋಡಿ. ಆ ಕಚೇರಿಯ ಕಂಪ್ಯೂಟರುಗಳಿಗೆಲ್ಲ ಹೊಸ ಸಾಫ್ಟ್‌ವೇರ್ ಹಾಕುವ ಕೆಲಸ ಸಿಕ್ಕಿದ್ದು ನಮ್ಮ ಅಂಗಡಿಗೆ. ಓನರು ಕೈ ತೋರಿಸಿದ್ದು ನನ್ನ ಕಡೆಗೆ. "ನಿಮ್ಮ ಭಾವನ ಆಫೀಸೇ ಅಲ್ವೇನೋ? ಹೋಗಿ ಮಧ್ಯಾಹ್ನದೊಳಗೆ ಮುಗಿಸಿ ಬಾ. ನೆಂಟಸ್ತಿಕೆ ಮಾಡ್ತಾ ಕೂತ್ಕೋಬೇಡ." ಅಂದರೆ ಭಾವನ ಬಾಯಿ ಉಳಿಯುವುದೋ ಕಟ್ಟುವುದೋ ಅನ್ನುವುದು ಕೊನೆಗೆ ಬಂದು ನಿಂತದ್ದು ಇಂಕು ಮೆತ್ತಿದ ನನ್ನ ಬೆರಳಿಗೆ. ಅವರ ಗ್ರಹಚಾರ!

ಭಾನುವಾರ ಬೆಳಿಗ್ಗೆಯೇ ಭಾವ ನನ್ನನ್ನು ಮನೆಗೆ ಕರೆಸಿಕೊಂಡರು. ಹೊಸ ಆವೃತ್ತಿಯನ್ನು ಮೊದಲು ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಬೇಕಂತೆ. ಕಚೇರಿಯ ಏರ್ಪಾಟೆಲ್ಲ ಮನೆಯಲ್ಲೂ ಹಾಗೇ ಇಟ್ಟುಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಒಂದು ಗೋಡೆಗೆ ಅವರ ಕಂಪ್ಯೂಟರು, ಎದುರು ಗೋಡೆಗೆ ಅಕ್ಕನ ಹೊಲಿಗೆ ಮೆಷಿನ್ನು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕೆಲಸ ಮಾಡುತ್ತಾರೆ. ಜಗಳವೂ ಅದೇ ಭಂಗಿಯಲ್ಲಿ.

"ಭಾವ, ಇದೇನು ಬ್ರಹ್ಮವಿದ್ಯೆನಾ? ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಕಾಫಿ ಆರೋದ್ರೊಳಗೆ ಹಾಕಿಕೊಡ್ತೀನಿ" ಅಂದೆ.

"ನೀನು ಫಿನಿಶ್ ಅನ್ನೋದು ಸಾಫ್ಟ್‌ವೇರನ್ನೋ ನನ್ನನ್ನೋ?" ಅಂದರು ಭಾವ. "ಕೂತ್ಕೋ ಇಲ್ಲಿ. ಮನೆ ಬದಲಾಯಿಸುವಾಗ ಹೊಸ ಮನೇಲಿ ನೀರು ಬರತ್ತಾ, ದೀಪ ಹತ್ತತ್ತಾ ಅಂತ ನೋಡೋ ಮುಂಚೆ ಹಳೇ ಮನೆ ಬೀಗದ ಕೈ ಓನರಿಗೆ ಕೊಡ್ತಾರೇನೋ?"

"ಇಲ್ಲ."

"ಹಾಗೇ ಇದೂ. ಮೊದಲು ನನ್ನ ಸೆಟ್ಟಿಂಗ್ ಎಲ್ಲ ಒಂದು ಕಡೆ ನಕಲು ಮಾಡಿಡು. ಹೊಸದನ್ನ ಹಳೇದರ ಮೇಲೆ ಸುರೀಬೇಡ, ಪೆನ್‌ಡ್ರೈವಲ್ಲಿ ಬೇರೆ ಇಟ್ಟು ಓಡಿಸಿ ನೋಡೋಣ. ಸರಿ ಹೋದ್ರೆ ಮಾತ್ರ ಒಳಗೆ ಕರ್ಕೊಳ್ಳೋದು."

ಅಕ್ಕ ಮೆಷಿನ್ನು ನಿಲ್ಲಿಸದೆ ಅಂದಳು: "ನನ್ನ ಮೆಷಿನ್ ನೋಡಿ ಕಲ್ತ್ಕೊಳ್ಳಿ. ಎರಡು ತೊಟ್ಟು ಎಣ್ಣೆ ಬಿಟ್ರೆ ಅದೇ ಅಪ್‌ಗ್ರೇಡು."

"ಅದಕ್ಕೇ ನಿನ್ನ ಮೆಷಿನ್ನು ಮಾತಾಡಲ್ಲ, ನೀನೇ ಆಡ್ತೀಯ" ಅಂದರು ಭಾವ.

ಪರದೆಯ ಮೇಲೆ ಅವರ ಸೆಟ್ಟಿಂಗಿನ ಫೋಲ್ಡರಿನ ಚಿತ್ರ ಕಣ್ಣೆದುರೇ ಇತ್ತು. ಎಳೆದು ಪೆನ್‌ಡ್ರೈವಿಗೆ ಬಿಟ್ಟೆ. "ಆಯ್ತು ಭಾವ."

"ಇಷ್ಟು ಬೇಗನಾ?" ಅವರ ಹುಬ್ಬು ಮೇಲೆ ಹೋಯಿತು. ಕೀಬೋರ್ಡು ಎಳೆದುಕೊಂಡು ಏನೋ ಒತ್ತಿದರು. ರೈಲು ಬುಸ್ಸೆಂದಿತು. ಭಾವ ನನ್ನತ್ತ ತಿರುಗಿ ಶಾಂತವಾಗಿ ಕೇಳಿದರು: "ಒಂದು ಕೆಬಿ. ಇಷ್ಟು ವರ್ಷದ ನನ್ನ ಸಂಸಾರ ಎಲ್ಲ ಸೇರಿ ಒಂದು ಕೆಬಿನೇನೋ?"

"ಸಂಸಾರದಲ್ಲಿ ನಾನೂ ಸೇರಿದೀನಾ?" ಅಂದಳು ಅಕ್ಕ.

ನಾನು ನಕಲು ಮಾಡಿದ್ದು ಫೋಲ್ಡರನ್ನಲ್ಲ. ಫೋಲ್ಡರು ಎಲ್ಲಿದೆ ಅಂತ ದಾರಿ ತೋರಿಸುವ ಶಾರ್ಟ್‌ಕಟ್ಟನ್ನು. ಮನೆ ಸಾಗಿಸು ಅಂದರೆ ಮನೆ ನಂಬರಿನ ಫಲಕ ಕಿತ್ತುಕೊಂಡು ಹೋದ ಹಾಗೆ. ಎರಡರ ಚಿತ್ರವೂ ಒಂದೇ ಥರ, ಮೂಲೆಯಲ್ಲಿ ಒಂದು ಚಿಕ್ಕ ಬಾಣದ ಗುರುತು ಬಿಟ್ಟರೆ. ಆ ಬಾಣವನ್ನು ನಾನು ಸಂಬಳಕ್ಕೆ ಸೇರಿದ ದಿನದಿಂದ ನೋಡುತ್ತಿದ್ದೇನೆ, ಕಂಡದ್ದು ಅಂದು. ಭಾವನಿಗೆ ಚಿತ್ರದ ಹಂಗಿಲ್ಲ. ಅವರು ತೂಕ ನೋಡುತ್ತಾರೆ.

ಮತ್ತೆ ನಿಜವಾದ ಫೋಲ್ಡರನ್ನು ಹುಡುಕಿ ನಕಲು ಮಾಡಿದೆ. ಹೊಸ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲೇ ಇಟ್ಟು, ನಕಲನ್ನು ಅದಕ್ಕೆ ಉಣಿಸಿ ಓಡಿಸಿದೆವು. ಮೊದಲ ಮಾತಿಗೇ ರೈಲು ಹೊರಟಿತು, ಅದೇ ದನಿ, ಅದೇ ಓಟ. ನಾನು ಏಳಲು ಹೋದೆ. ಭಾವ ಅಂಗಿ ಹಿಡಿದು ಕೂರಿಸಿದರು. "ಹಾಡು ಬಂದ್ರೆ ಸಾಲದು, ಕುಣಿಯೋಕೂ ಬರಬೇಕು." ಅವರು ಒಂದೊಂದೇ ಕೀಲಿ ಒತ್ತಿ ನೋಡುತ್ತ ಹೋದರು. ಫೋನು ಮಾಡಿದವರ ನಂಬರು ಓದಬೇಕಾದ ಕೀಲಿ ಒತ್ತಿದರೆ, ಹೊಸ ಆವೃತ್ತಿ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡಿತ್ತು. ಸಹಾಯದ ಪುಟ ತೆರೆಯಿತು. "ನೋಡಿದ್ಯಾ? ನಾಳೆ ಯಾರೋ ನೀರಿಲ್ಲ ಅಂತ ಅಳ್ತಿರ್ತಾರೆ, ಇದು ನನಗೆ ಪಾಠ ಹೇಳ್ತಿರತ್ತೆ." ಆ ಕೆಲಸಕ್ಕೆ ಬೇರೆ ಕೀಲಿ ಕೊಟ್ಟು ತಮ್ಮದನ್ನು ವಾಪಸು ಪಡೆದರು.

ಕೊನೆಗೆ ಪರೀಕ್ಷೆಗೆ ಅಂತ ಅಕ್ಕ ಅಡುಗೆಮನೆಯಿಂದ ಫೋನು ಮಾಡಿದಳು. ನಟನೆ ಮಾಡು ಅಂದರೆ ನಮ್ಮಕ್ಕ ಜೀವ ಕೊಟ್ಟು ಮಾಡುವವಳು.

"ಏನ್ರೀ, ನೀವೆಲ್ಲ ಅಲ್ಲಿ ನಿದ್ದೆ ಮಾಡ್ತಿದೀರಾ? ಮನೇಲಿ ಬಾಣಂತಿ ಇದಾಳೆ, ಒಂದು ಕೊಡ ನೀರಿಲ್ಲ!"

"ವಿಳಾಸ ಹೇಳಿ ತಾಯಿ."

"ವಿಳಾಸ ಗೊತ್ತಿಲ್ವಾ? ತಾಳಿ ಕಟ್ಟಿದ್ದು ನೆನಪಿಲ್ವಾ?"

ಭಾವ ನಗು ತಡೆದುಕೊಂಡು ಬೆರಳು ಓಡಿಸುತ್ತಲೇ ಇದ್ದರು. ದೂರಿನ ನಮೂನೆಯೊಂದರಲ್ಲಿ ಅಕ್ಕನ ಬೈಗುಳ ಪೂರ್ತಿ ದಾಖಲಾಯಿತು. ಅಂದು ಅವರು ಎರಡು ಸಲ ಬಡಿಸಿಕೊಂಡು ಉಂಡರು. ಪೆನ್‌ಡ್ರೈವ್ ಅಂಗಿ ಜೇಬಿಗೆ ಹೋಯಿತು.

ಕೆಲಸದ ದಿನ ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಕಚೇರಿ ಹೊಕ್ಕೆ. ಉದ್ದನೆಯ ಕೋಣೆ, ಹಳದಿ ಬಣ್ಣ ಕಂದಿದ ಗೋಡೆ, ಒಂದು ಕಡೆ ಊರಿನ ಪೈಪುಗಳ ನಕ್ಷೆ, ಫೈಲು ಕಪಾಟಿನ ಮೇಲೆ ಕೆಟ್ಟುಹೋದ ಫ್ಯಾನು. ಬಾಗಿಲ ಪಕ್ಕ ಖಾಲಿ ಜಾಗ ಗುಡಿಸಿಟ್ಟಿದ್ದರು. ನಾನು ಆ ಕಡೆ ನೋಡದೆ ಒಳಗೆ ಹೋದೆ. ಉಳಿದವರ ಕಂಪ್ಯೂಟರುಗಳಿಗೆ ನನ್ನ ಪಾಂಡಿತ್ಯ ಸಾಕಾಯಿತು. ಭಾವನ ಮೇಜು ಕೊನೆಗೆ. ಊಟದ ಡಬ್ಬಿ ಸರಿಸಿ, ಅಂದು ರಜೆಯಲ್ಲಿದ್ದವರ ಮಾನಿಟರು ಎತ್ತಿ ತಂದು ಸಿಕ್ಕಿಸಿದೆ. "ಅಪರೂಪದ ಅತಿಥಿ ಬಂದಿದಾರೆ" ಅಂದರು ಭಾವ, ಮಾನಿಟರನ್ನು ಮುಟ್ಟಿ ನೋಡಿ.

ಅಷ್ಟರಲ್ಲಿ ಮೇಡಂ ಬಂದು ನನ್ನ ಹಿಂದೆ ನಿಂತರು. ಕೈಯಲ್ಲಿ ಸೂಚನೆಗಳ ಹಾಳೆ. "ಮೊದಲು ಹಳೇ ಆವೃತ್ತಿ ತೆಗೆದುಹಾಕಿ, ಆಮೇಲೆ ಹೊಸದು ಹಾಕಬೇಕು ಅಂತಿದೆ ಇದರಲ್ಲಿ" ಅಂದರು.

"ಮೇಡಂ, ಹಳೇದು ಒಂದೆರಡು ದಿನ ಇರ್ಲಿ" ಅಂದರು ಭಾವ.

"ಸೂಚನೆ ಇದೇರೀ, ನಾನೇನು ಮಾಡ್ಲಿ?"

ನನ್ನ ಬೆನ್ನೆಲುಬಿನ ವಿಷಯ ಇಲ್ಲಿ ಹೇಳಿಬಿಡಬೇಕು. ಅಧಿಕಾರಿ ಹಿಂದೆ ನಿಂತರೆ ಅದು ನೆನೆಸಿದ ಬಿಸ್ಕತ್ತು. ಸಾಫ್ಟ್‌ವೇರ್ ಹಾಕುವುದಕ್ಕೆಂದೇ ಕಚೇರಿಯವರು ಕೊಟ್ಟಿದ್ದ ಅಡ್ಮಿನ್ ಪಾಸ್‌ವರ್ಡಿನಲ್ಲಿ ಒಳಗೆ ಹೋದೆ, ಹಳೆಯದನ್ನು ತೆಗೆದೆ, ಹೊಸದನ್ನು ಹಾಕಿದೆ. ಕಂಪ್ಯೂಟರು ಒಮ್ಮೆ ಆರಿ ಹತ್ತಿತು, ಮತ್ತೆ ಅದೇ ಪಾಸ್‌ವರ್ಡು ಹಾಕಿದೆ. ಇಯರ್‌ಫೋನು ಕಳಚಿಟ್ಟಿದ್ದರಿಂದ ದನಿ ಸ್ಪೀಕರಿನಿಂದಲೇ ಬಂತು.

ಯಾರದೋ ಅಪರಿಚಿತ ದನಿ. ಮಗುವಿಗೆ ಅಕ್ಷರ ಕಲಿಸುವ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ, ಚುಕ್ಕೆ ಬಂದಲ್ಲಿ "ಚುಕ್ಕೆ" ಅಂತ ಹೇಳಿ, ಮೊಟಕು ಪದಗಳ ಒಂದೊಂದಕ್ಷರವನ್ನೂ ಬೇರೆ ಬೇರೆ ಓದುತ್ತ. ಭಾವ ತಮ್ಮ ಕೀಲಿ ಒತ್ತಿದರು. ಸಹಾಯದ ಪುಟ ತೆರೆಯಿತು. ಇನ್ನೊಂದು ಒತ್ತಿದರು. ಏನೂ ಆಗಲಿಲ್ಲ. ಪಕ್ಕದ ಮೇಜಿನವರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ರೈಲನ್ನು ನಾನೇ ಹಳಿ ಸಮೇತ ಕಿತ್ತು ಗುಜರಿಗೆ ಹಾಕಿದ್ದೆ.

"ಅಯ್ಯೋ, ಪಾಪ" ಅಂದರು ಮೇಡಂ, ನಿಜವಾದ ಮರುಕದಿಂದಲೇ. "ಹೋಗ್ಲಿ ಬಿಡಿ, ತಲೆ ಕೆಡಿಸ್ಕೋಬೇಡಿ. ನಾನು ಹೇಳಿರ್ಲಿಲ್ವಾ? ಯಾರಾದ್ರೂ ಆ ಕಡೆ ಒಂದು ಕುರ್ಚಿ..."

ಫೋನು ಹೊಡೆದುಕೊಂಡಿತು. ಭಾವನ ಮೇಜಿನದೇ.

ಭಾವ ಒಂದು ಕೈಯಲ್ಲಿ ಫೋನು ಎತ್ತಿ "ಒಂದು ನಿಮಿಷ ಹಿಡ್ಕೊಳ್ಳಿ" ಅಂದರು. ಇನ್ನೊಂದು ಕೈ ಅಂಗಿ ಜೇಬಿಗೆ ಹೋಯಿತು. ಪೆನ್‌ಡ್ರೈವನ್ನು ಬೆರಳಿನಲ್ಲಿ ತಡವಿ, ಮೇಲೆ ಕೆಳಗೆ ತಿಳಿದು, ಒಂದೇ ಸಲಕ್ಕೆ ಸಿಕ್ಕಿಸಿದರು. (ಹುಟ್ಟಿದಾಗಿನಿಂದ ನಾನು ಯಾವ ಪೆನ್‌ಡ್ರೈವನ್ನೂ ಮೊದಲ ಸಲಕ್ಕೆ ಸರಿಯಾಗಿ ಸಿಕ್ಕಿಸಿದ್ದಿಲ್ಲ.) ಆ ಅಪರಿಚಿತ ದನಿ ಇನ್ನೂ ಏನೋ ತೊದಲುತ್ತಿರುವಾಗಲೇ ಅದರ ಬಾಯಿ ಮುಚ್ಚಿಸಿ, ಪೆನ್‌ಡ್ರೈವಿನಲ್ಲಿದ್ದದ್ದನ್ನು ಎಬ್ಬಿಸಿದರು.

ಕೋಣೆಯ ತುಂಬ ಕಾಳು ಸುರಿಯಿತು.

"ರೈಲು ಬಂತು!" ಅಂತ ಯಾರೋ ಕೂಗಿದರು.

"ಹೇಳಿ ತಾಯಿ" ಅಂದರು ಭಾವ ಫೋನಿಗೆ. "ಆಸ್ಪತ್ರೆ ಗೇಟಿನ ಮುಂದಾ? ನೀರು ಚಿಮ್ತಿದ್ಯೋ, ಸುಮ್ನೆ ಹರೀತಿದ್ಯೋ? ಕೆಂಪಗಿದ್ಯೋ, ತಿಳಿಯಾಗಿದ್ಯೋ?... ಗೇಟಿನ ಎಡಕ್ಕೋ ಬಲಕ್ಕೋ, ಒಳಗೆ ನಿಂತು ನೋಡಿ ಹೇಳಿ. ಸರಿ. ಆಂಬುಲೆನ್ಸ್ ಬರೋ ದಾರಿ ಅದು, ಮೊದಲು ಅಲ್ಲಿಗೇ ಕಳಿಸ್ತೀನಿ." ಬೆರಳುಗಳು ಆಗಲೇ ಹೊಸ ನಮೂನೆಯೊಳಗೆ ಓಡುತ್ತಿದ್ದವು. ಟಿಣ್. ವಾಲ್ವ್‌ಮನ್ನಿಗೆ ಫೋನು: "ಆಸ್ಪತ್ರೆ ಮುಂದಿನ ದೊಡ್ಡ ವಾಲ್ವು ಮುಚ್ಚು ಮಾರಾಯ, ಮೊದಲು ಮುಚ್ಚು, ಆಮೇಲೆ ಕಾರಣ ಕೇಳು."

ದೊಡ್ಡ ಪೈಪೇ ಒಡೆದಿತ್ತು. ಅದರ ಹಿಂದೆಯೇ ಎಲ್ಲ ಮೇಜಿನ ಫೋನುಗಳೂ ಒಟ್ಟಿಗೆ ಬಾಯಿ ತೆರೆದವು. ಆಗ ನೋಡಬೇಕಿತ್ತು ಆ ಕೋಣೆಯನ್ನು. ಕಣ್ಣಿದ್ದವರೆಲ್ಲ ಪರದೆಯ ಮೇಲೆ ಬೆರಳಿಟ್ಟು ಹುಡುಕುತ್ತಿದ್ದಾರೆ: "ಸೇವ್ ಬಟನ್ ಎಲ್ಲಿ ಹೋಯ್ತ್ರೀ? ಮೊದ್ಲು ಇಲ್ಲೇ ಬಲಗಡೆ ಇತ್ತಲ್ಲ!" ಹೊಸ ಸಾಫ್ಟ್‌ವೇರ್ ಎಲ್ಲ ಬಟನ್ನುಗಳ ಜಾಗ ಬದಲಿಸಿತ್ತು. ಭಾವನಿಗೆ ಬಟನ್ನಿನ ಜಾಗ ಯಾವತ್ತೂ ಗೊತ್ತಿರಲಿಲ್ಲ, ಹೆಸರು ಗೊತ್ತಿತ್ತು. ಹೆಸರು ಹಿಡಿದು ಹೋಗುತ್ತಿದ್ದರು, ಅದು ಎಲ್ಲಿ ಅವಿತು ಕೂತಿದ್ದರೂ ಸಿಗುತ್ತಿತ್ತು. "ನಿಮ್ಮ ಲೈನು ನನಗೆ ಕೊಡಿ" ಅಂದರು ಪಕ್ಕದವರಿಗೆ. ಆಮೇಲೆ ಅವರ ಪಕ್ಕದವರಿಗೂ. ಒಂದರ ಹಿಂದೆ ಒಂದು ಟಿಣ್, ಟಿಣ್. ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ಭಾವ ಕಣ್ರೀ ಅವರು, ಅಂತ ಯಾರಿಗಾದರೂ ಹೇಳಬೇಕು ಅನ್ನಿಸಿತು. ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಫ್ಯಾನಿನ ಕಡೆ ನೋಡುತ್ತ ನಿಂತೆ.

ಮೇಡಂ ಸ್ಪೀಕರಿಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕೇಳಿದರು. "ಇದು ಯಾವ ಭಾಷೆ ರೀ?"

"ನಮ್ಮದೇ ಮೇಡಂ" ಅಂದರು ಭಾವ. "ಸ್ವಲ್ಪ ಅವಸರದಲ್ಲಿದೆ, ಅಷ್ಟೇ."

ಫೋನುಗಳು ತುಸು ತಣ್ಣಗಾದಾಗ ಭಾವ ನನ್ನ ಕಡೆ ತಿರುಗಿದರು. "ಪಂಡಿತರೇ, ಯಾರ ಹೆಸರಲ್ಲಿ ಒಳಗೆ ಹೋಗಿ ಹಾಕಿದ್ರಿ ಹೊಸದನ್ನ?"

"ಅಡ್ಮಿನ್..."

"ಹೂಂ. ಹಾಕಿದ್ದೂ ಅಡ್ಮಿನ್ ಹೆಸರಲ್ಲಿ, ಈಗ ಕೂತಿರೋದೂ ಅಡ್ಮಿನ್ ಮನೇಲಿ. ಆ ಮಹಾರಾಯನಿಗೆ ಸೆಟ್ಟಿಂಗ್ ಎಲ್ಲಿಂದ ಬರಬೇಕು? ನನ್ನದು ನನ್ನ ಹೆಸರಿನ ಒಳಗೇ ಇರತ್ತೆ. ಹಳೇ ಸಾಫ್ಟ್‌ವೇರ್ ತೆಗೆದ್ರೂ ಅದನ್ನ ಮುಟ್ಟಿರಲ್ಲ. ಹೊರಗೆ ಬಂದು ನನ್ನ ಹೆಸರಲ್ಲಿ ಹೋಗು."

"ಇಲ್ದೇ ಹೋದ್ರೆ ಭಾವ?"

"ಇಲ್ದೇ ಹೋದ್ರೆ ಜೇಬಲ್ಲಿದೆಯಲ್ಲ. ಹೋಗು."

ಹೊರಗೆ ಬಂದೆ. ಅವರ ಹೆಸರು ಒತ್ತಿದೆ, ಪಾಸ್‌ವರ್ಡನ್ನು ಅವರೇ ಹಾಕಿದರು. ಮೇಡಂ ಉಸಿರು ಬಿಗಿಹಿಡಿದಿದ್ದರು ಅಂತ ಕಾಣುತ್ತದೆ. ನನ್ನದಂತೂ ಎಲ್ಲಿತ್ತೋ ಗೊತ್ತಿಲ್ಲ. ಆಮೇಲೆ, ಪೆನ್‌ಡ್ರೈವಿನ ಹಂಗಿಲ್ಲದೆ, ಕಂಪ್ಯೂಟರಿನ ಸ್ವಂತ ಹೊಟ್ಟೆಯೊಳಗಿಂದ, ಅದೇ ದನಿ ಅದೇ ಓಟದಲ್ಲಿ ಹೊರಟಿತು. ಎಲ್ಲ ಇದ್ದಲ್ಲೇ ಇತ್ತು. ಭಾನುವಾರ ತಿದ್ದಿದ ಕೀಲಿಯನ್ನು ಮಾತ್ರ ಪೆನ್‌ಡ್ರೈವಿನಿಂದ ತಂದು ಸೇರಿಸಿದರು. ಒತ್ತಿ ನೋಡಿದರು. ನಂಬರು ಓದಿತು.

ಭಾವ ಕುರ್ಚಿ ತಿರುಗಿಸಿ ಮೇಡಂ ನಿಂತಿದ್ದ ಕಡೆಗೇ ಸರಿಯಾಗಿ ಮುಖ ಮಾಡಿದರು. "ಮೇಡಂ, ನೀವು ಒಳ್ಳೇ ಮನಸ್ಸಿಂದ ಹೇಳಿದ್ರಿ, ನನಗೆ ಗೊತ್ತು. ಆದ್ರೆ ಆರಾಮಾಗಿ ಕೂರೋದು ಇದೆಯಲ್ಲ, ಅದು ನನಗೆ ಆಗಿಬರಲ್ಲ. ನಾನು ಮಾಡಿ ನೋಡಿದೀನಿ."

ಮೇಡಂ ಸೂಚನೆಯ ಹಾಳೆಯನ್ನು ನಾಲ್ಕಾಗಿ ಮಡಿಸಿದರು. "ನೀವು ಈ ಮೇಜು ಬಿಟ್ಟು ಎಲ್ಲಿಗೂ ಹೋಗಲ್ಲ" ಅಂದರು. "ನಾನು ಕುರ್ಚಿ ವಿಷಯ ಎತ್ತಬಾರದಿತ್ತು. ಇನ್ನೊಂದು, ಇವರಿಗೆಲ್ಲ ಆ ಬಟನ್ ಹುಡುಕದೇ ಕೆಲಸ ಮಾಡೋದು ಹೇಗೆ ಅಂತ ಸ್ವಲ್ಪ ಹೇಳಿಕೊಡ್ತೀರಾ?"

"ನಾಳೆ ಹೇಳಿಕೊಡ್ತೀನಿ ಮೇಡಂ. ಇವತ್ತು ನಾನು ಬಿಜಿ" ಅಂದರು ಭಾವ. ಆ "ಬಿಜಿ" ಅನ್ನುವುದನ್ನು ಅವರು ಬಾಯಲ್ಲಿಟ್ಟು ಚಪ್ಪರಿಸಿದ ರೀತಿ!

ನಾನು ಮಾನಿಟರು ಕಳಚಿ, ಊಟದ ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟೆ. ಮಧ್ಯಾಹ್ನ ಯಾವಾಗಲೋ ದಾಟಿತ್ತು; ಓನರು ಬಾಯಿಗೆ ಬಂದಂತೆ ಬೈಯುವುದು ಖಚಿತವಾಗಿತ್ತು, ಅದಕ್ಕೂ ಒಂಥರಾ ಸಂತೋಷವೇ ಆಯಿತು. ಹೊರಡುತ್ತೇನೆ ಅಂತ ಹೇಳಲು ಬಗ್ಗಿದರೆ ಭಾವ ನನ್ನ ಕೈ ಹಿಡಿದುಕೊಂಡರು.

"ತಾಳು. ಹೊಸದರಲ್ಲಿ ವೇಗದ ಮಿತಿ ಎಷ್ಟಕ್ಕೆ ಹಾಕಿದಾರೆ ನೋಡೋಣ. ಹಳೇದರಲ್ಲಿ ನಾನು ತುದಿಗೆ ಬಂದುಬಿಟ್ಟಿದ್ದೆ, ಮುಂದೆ ದಾರಿನೇ ಇರ್ಲಿಲ್ಲ." ಒಂದು ಕೀಲಿ ಒತ್ತಿದರು. ದನಿ ಒಂದು ಮೆಟ್ಟಿಲು ಏರಿತು. ಮತ್ತೊಂದು ಒತ್ತಿದರು. ಈಗ ಅದು ಕಾಳೂ ಅಲ್ಲ, ಮರಳು. ಭಾವ ತಲೆ ವಾಲಿಸಿ ಕೇಳಿದರು. ಮುಖ ಅರಳಿತು.

"ಅರ್ಥ ಆಗ್ತಿದ್ಯಾ ಭಾವ?"

"ಪೂರ್ತಿ ಇಲ್ಲ" ಅಂದರು, ಖುಷಿಯಿಂದ. "ಒಂದು ವಾರ ಕೊಡು."

ಫೋನು ಹೊಡೆದುಕೊಂಡಿತು. ನನ್ನ ಕೈ ಬಿಟ್ಟು ಅದನ್ನು ಎತ್ತಿಕೊಂಡರು.